ಆಂತರಿಕ ಹಣಕಾಸು ನಿಯಂತ್ರಣ: ಕಂಪನಿಗಳಲ್ಲಿ ಮೌಲ್ಯಮಾಪನದ ಕ್ರಮ ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ಅದರಿಂದ ಅರಿಯಬೇಕಾದುದು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಜಮಾ-ಖರ್ಚಿನ ವಿವರ ಬರುತ್ತದೆ. ಸಭೆಯು ಅದನ್ನು ಅಂಗೀಕರಿಸಿ ನಡವಳಿ ಪುಸ್ತಕದಲ್ಲಿ ದಾಖಲಿಸಿದ ಮೇಲೆ ಆ ಲೆಕ್ಕವು ಇಡೀ ಪಂಚಾಯಿತಿಯ ಲೆಕ್ಕವೆನಿಸುತ್ತದೆ. ಅಧ್ಯಕ್ಷರದೋ ಅಭಿವೃದ್ಧಿ ಅಧಿಕಾರಿಯದೋ ಆಗಿ ಮಾತ್ರ ಉಳಿಯುವುದಿಲ್ಲ. ಹೀಗಿರುವಾಗ ಅಂಕಿಗಳ ಮೊತ್ತ ತಾಳೆಯಾಗಿದೆಯೇ ಎಂದು ನೋಡಿದರಷ್ಟೇ ಸಾಲದು. ತಪ್ಪು ಅಂಕಿಗಳನ್ನು ಕೂಡಿದರೂ ಮೊತ್ತ ತಾಳೆಯಾಗುತ್ತದೆ. ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಈ ಅಂಕಿಗಳು ಯಾವ ದಾರಿಯಿಂದ ಇಲ್ಲಿಗೆ ಬಂದವು, ಆ ದಾರಿಯಲ್ಲಿ ತಪ್ಪನ್ನು ತಡೆಯುವ ವ್ಯವಸ್ಥೆ ಏನಿದೆ? ಈ ವ್ಯವಸ್ಥೆಗೇ ಆಂತರಿಕ ಹಣಕಾಸು ನಿಯಂತ್ರಣ ಎಂದು ಹೆಸರು.

ಕಂಪನಿಗಳಿಗೆ ಈ ನಿಯಮ ಏಕೆ ಬಂತು?

ಸಾರ್ವಜನಿಕ ಕಂಪನಿ ಎಂದರೆ ಸಾವಿರಾರು ಜನರ ಹಣದಿಂದ ನಡೆಯುವ ಸಂಸ್ಥೆ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಅಂತಹ ಒಂದು ಸಂಸ್ಥೆ. ಷೇರು ಕೊಂಡವರು ಕಾರ್ಖಾನೆಯ ಒಳಗೆ ಹೋಗಿ ಲೆಕ್ಕ ನೋಡಲಾರರು. ವರ್ಷಕ್ಕೊಮ್ಮೆ ಮುದ್ರಿತವಾಗಿ ಬರುವ ವರದಿಯನ್ನು ಅವರು ನಂಬಬೇಕು. ಆ ನಂಬಿಕೆಗೆ ಆಧಾರವೇನು ಎಂಬ ಪ್ರಶ್ನೆಯನ್ನು ಎರಡು ಘಟನೆಗಳು ಮುನ್ನೆಲೆಗೆ ತಂದವು. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್ರಾನ್ ಕಂಪನಿ ದಿವಾಳಿಯಾಯಿತು. ಮರುವರ್ಷವೇ ಅಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ನಮ್ಮ ದೇಶದಲ್ಲಿ 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರ ಪತ್ರ ಬಹಿರಂಗವಾಯಿತು. ಲೆಕ್ಕದಲ್ಲಿ ತೋರಿಸಲಾಗಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಆ ಪತ್ರ ಒಪ್ಪಿಕೊಂಡಿತು. ಲೆಕ್ಕಪುಸ್ತಕದಲ್ಲಿ ಮೊತ್ತ ತಾಳೆಯಾಗಿತ್ತು, ಬ್ಯಾಂಕಿನಲ್ಲಿ ಹಣವಿರಲಿಲ್ಲ.

ಕಂಪನಿಗಳ ಅಧಿನಿಯಮ 2013 ಈ ವಿಷಯದಲ್ಲಿ ಎರಡು ಹೊಣೆಗಳನ್ನು ವಿಧಿಸಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ನಿರ್ದೇಶಕರು ಆಂತರಿಕ ಹಣಕಾಸು ನಿಯಂತ್ರಣಗಳನ್ನು ರೂಪಿಸಿರುವುದಾಗಿಯೂ, ಅವು ಸಮರ್ಪಕವಾಗಿದ್ದು ಪರಿಣಾಮಕಾರಿಯಾಗಿ ನಡೆಯುತ್ತಿರುವುದಾಗಿಯೂ ಪ್ರಕರಣ 134(5)(ಇ) ಅಡಿಯಲ್ಲಿ ಹೇಳಿಕೆ ನೀಡಬೇಕು. ಲೆಕ್ಕಪರಿಶೋಧಕರು ಪ್ರಕರಣ 143(3)(ಐ) ಅಡಿಯಲ್ಲಿ ಅದೇ ವಿಷಯದ ಮೇಲೆ ತಮ್ಮ ಸ್ವತಂತ್ರ ಅಭಿಪ್ರಾಯ ದಾಖಲಿಸಬೇಕು. ಅಂದರೆ ಲೆಕ್ಕವೂ ಪರಿಶೀಲನೆಗೆ ಒಳಪಡುತ್ತದೆ, ಲೆಕ್ಕ ಬರೆಯುವ ವಿಧಾನವೂ ಪರಿಶೀಲನೆಗೆ ಒಳಪಡುತ್ತದೆ.

ಮೌಲ್ಯಮಾಪನದ ಎರಡು ಹಂತಗಳು

ಮೊದಲನೆಯದು ವಿನ್ಯಾಸದ ಪರೀಕ್ಷೆ. ತಪ್ಪು ಅಥವಾ ದುರುಪಯೋಗ ಎಲ್ಲಿ ಸಂಭವಿಸಬಹುದೋ ಅಲ್ಲಿ ತಡೆ ಇದೆಯೇ ಎಂಬುದನ್ನು ಇದು ನೋಡುತ್ತದೆ. ಎರಡನೆಯದು ಕಾರ್ಯನಿರ್ವಹಣೆಯ ಪರೀಕ್ಷೆ. ಆ ತಡೆ ವರ್ಷವಿಡೀ ನಿಜವಾಗಿ ಕೆಲಸ ಮಾಡಿದೆಯೇ ಎಂಬುದನ್ನು ಇದು ನೋಡುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನ ರೈತರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬಿಗೆ ಗೇಟು ಇರುವುದು ವಿನ್ಯಾಸ. ಸರದಿಯ ದಿನ ಗೇಟು ತೆರೆದು ಮುಚ್ಚಿ, ನಾಲೆಯ ಕೊನೆಯ ಹೊಲಕ್ಕೂ ನೀರು ತಲುಪುವುದು ಕಾರ್ಯನಿರ್ವಹಣೆ. ಗೇಟು ಇದ್ದೂ ಕೊನೆಯ ಹೊಲ ಒಣಗಿದರೆ ನಕಾಶೆಯಿಂದ ಪ್ರಯೋಜನವಿಲ್ಲ.

ಪರೀಕ್ಷೆಗೆ ಮೂರು ಮುಖ್ಯ ವಿಧಾನಗಳಿವೆ. ಒಂದು ವ್ಯವಹಾರವನ್ನು ಆರಂಭದಿಂದ ಅಂತ್ಯದವರೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವುದು ಮೊದಲನೆಯದು. ಕೆಲವು ವೋಚರುಗಳನ್ನು ಆಯ್ದು, ಪ್ರತಿಯೊಂದರಲ್ಲೂ ಅಗತ್ಯ ಅನುಮೋದನೆ ಇದೆಯೇ ಎಂದು ನೋಡುವುದು ಎರಡನೆಯದು. ಈ ಆಯ್ಕೆಯನ್ನು ಪರೀಕ್ಷಕರೇ ಮಾಡಬೇಕು, ಕಡತ ಒದಗಿಸುವವರಲ್ಲ. ಸಿಬ್ಬಂದಿ ಮಾಡಿರುವ ತಾಳೆಯನ್ನು ಮೂಲ ದಾಖಲೆಯಿಂದ ಮತ್ತೊಮ್ಮೆ ಮಾಡಿ ನೋಡುವುದು ಮೂರನೆಯದು. "ಎಲ್ಲವೂ ಸರಿಯಾಗಿದೆ" ಎಂಬ ಮೌಖಿಕ ಉತ್ತರ ಇವುಗಳಲ್ಲಿ ಯಾವುದಕ್ಕೂ ಬದಲಿಯಾಗುವುದಿಲ್ಲ.

ಕಂಡುಬಂದ ದೋಷಗಳನ್ನೂ ಅಳೆಯಲಾಗುತ್ತದೆ. ಒಂದು ವೋಚರಿನಲ್ಲಿ ದಿನಾಂಕ ಬಿಟ್ಟುಹೋಗಿರುವುದು ಸಣ್ಣ ಕೊರತೆ. ಲೆಕ್ಕದಲ್ಲಿ ದೊಡ್ಡ ತಪ್ಪು ನುಸುಳಿದರೂ ಯಾರಿಗೂ ಗೊತ್ತಾಗದಂತಹ ಸ್ಥಿತಿ ಇದ್ದರೆ ಅದು ಗಂಭೀರ ದೌರ್ಬಲ್ಯ. ಹಣ ಈಗಾಗಲೇ ಕಳೆದುಹೋಗಿದೆಯೇ ಎಂಬುದು ಇಲ್ಲಿ ಮುಖ್ಯವಲ್ಲ. ಕಳೆದುಹೋದರೆ ತಿಳಿಯುತ್ತದೆಯೇ ಎಂಬುದೇ ಮುಖ್ಯ.

ಪಂಚಾಯಿತಿಗೆ ಅನ್ವಯ

ಕಂಪನಿಯ ಷೇರುದಾರರ ಸ್ಥಾನದಲ್ಲಿ ಇಲ್ಲಿ ಗ್ರಾಮಸಭೆ ಇದೆ. ನಿರ್ದೇಶಕರ ಸ್ಥಾನದಲ್ಲಿ ಚುನಾಯಿತ ಸದಸ್ಯರಿದ್ದಾರೆ. ಹೊರಗಿನ ಲೆಕ್ಕಪರಿಶೋಧಕರ ಸ್ಥಾನದಲ್ಲಿ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಇದೆ. 2006ರ ಆಯವ್ಯಯ ಮತ್ತು ಲೆಕ್ಕಪತ್ರಗಳ ನಿಯಮಗಳು, ಪಂಚತಂತ್ರ ತಂತ್ರಾಂಶ, ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಯ ಜಂಟಿ ಸಹಿ, ವಾರ್ಷಿಕ ಜಮಾಬಂದಿ ಇವೆಲ್ಲವೂ ನಿಯಂತ್ರಣಗಳೇ. ವಿನ್ಯಾಸಕ್ಕೆ ಕೊರತೆಯಿಲ್ಲ. ನೋಡಬೇಕಾದುದು ಕಾರ್ಯನಿರ್ವಹಣೆಯನ್ನು.

ಮೊದಲನೆಯದಾಗಿ, ಕೆಲಸಗಳ ವಿಂಗಡಣೆ. ಯಂತ್ರ ಕಾರ್ಖಾನೆಯಲ್ಲಿ ಬಿಡಿಭಾಗ ಕಡೆದವನೇ ಅದನ್ನು ಅಳೆದು ತೇರ್ಗಡೆ ಮಾಡುವುದಿಲ್ಲ. ಹಾಗೆಯೇ ಕಾಮಗಾರಿ ನಡೆಸಿದವರು, ಅಳತೆ ಪುಸ್ತಕ ಬರೆಯುವವರು ಮತ್ತು ಹಣ ಪಾವತಿಸುವವರು ಬೇರೆ ಬೇರೆಯಾಗಿರಬೇಕು. ಹಣ ಪಾವತಿಗೆ ಎರಡು ಡಿಜಿಟಲ್ ಸಹಿ ಕೀಲಿಗಳಿದ್ದು, ಎರಡೂ ಒಬ್ಬರ ಮೇಜಿನ ಖಾನೆಯಲ್ಲಿದ್ದರೆ ಅಲ್ಲಿ ಒಂದೇ ಸಹಿ ಇದ್ದಂತೆ. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಮಾಡಿಕೊಡುವುದೂ ಇದೇ ದೋಷ.

ಎರಡನೆಯದಾಗಿ, ರಶೀದಿ ಪುಸ್ತಕಗಳು. ಕರವಸೂಲಿಗಾರರಿಗೆ ಕೊಟ್ಟ ಪ್ರತಿ ಪುಸ್ತಕದ ಕ್ರಮಸಂಖ್ಯೆ ದಾಸ್ತಾನು ವಹಿಯಲ್ಲಿರಬೇಕು. ಬಳಸಿ ಮುಗಿದ ಪುಸ್ತಕ ಹಿಂದಿರುಗಿದ ನಂತರವೇ ಹೊಸದನ್ನು ಕೊಡಬೇಕು. ವಸೂಲಾದ ಮನೆ ಕಂದಾಯ ಮತ್ತು ನೀರಿನ ಕರವನ್ನು ತಡಮಾಡದೆ ಬ್ಯಾಂಕಿಗೆ ಜಮಾ ಮಾಡಬೇಕು.

ಮೂರನೆಯದಾಗಿ, ಹಿತಾಸಕ್ತಿಯ ಘರ್ಷಣೆ. ಬೆಂಗಳೂರು ಮೂಲದ ಕಾಫಿ ಡೇ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸೆಬಿ 2023ರ ಜನವರಿಯಲ್ಲಿ ನೀಡಿದ ಆದೇಶದ ಪ್ರಕಾರ, ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸಂಬಂಧಿಸಿದ ಸಂಸ್ಥೆಯೊಂದಕ್ಕೆ ವರ್ಗಾವಣೆಯಾಗಿತ್ತು. ಹಣ ತಮ್ಮವರ ಕಡೆಗೆ ಹರಿಯುವಾಗ ತಡೆಯಬೇಕಾದವರು ಮೌನವಾಗುತ್ತಾರೆ ಎಂಬುದೇ ಇದರ ಪಾಠ. ಪಂಚಾಯಿತಿಯ ಕಾಮಗಾರಿ ಗುತ್ತಿಗೆಯಲ್ಲಿ ಸದಸ್ಯರು ಪಾಲು ಹೊಂದುವುದನ್ನು ಪಂಚಾಯತ್ ರಾಜ್ ಅಧಿನಿಯಮವು ಅನರ್ಹತೆಗೆ ಕಾರಣವೆಂದು ಪರಿಗಣಿಸಿರುವುದು ಇದಕ್ಕಾಗಿಯೇ.

ನಾಲ್ಕನೆಯದಾಗಿ, ಬ್ಯಾಂಕ್ ತಾಳೆ. ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ತಿಂಗಳ ಕೊನೆಯಲ್ಲಿ ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಶಿಲ್ಕು 4,86,200 ರೂಪಾಯಿ; ಬ್ಯಾಂಕಿನ ವಿವರಪಟ್ಟಿಯಲ್ಲಿ 5,12,700 ರೂಪಾಯಿ. ಪಂಚಾಯಿತಿ ನೀಡಿದ 31,000 ರೂಪಾಯಿಯ ಚೆಕ್ಕುಗಳು ಇನ್ನೂ ನಗದಾಗಿಲ್ಲ. ಅದನ್ನು ಕಳೆದರೆ ಬ್ಯಾಂಕಿನ ಶಿಲ್ಕು 4,81,700 ರೂಪಾಯಿ. ಆದರೂ 4,500 ರೂಪಾಯಿ ವ್ಯತ್ಯಾಸ ಉಳಿಯುತ್ತದೆ. ಹುಡುಕಿದಾಗ, ಜಮಾ ಮಾಡಿದ್ದಾಗಿ ಪುಸ್ತಕದಲ್ಲಿ ಬರೆದ ಕಂದಾಯದ ಹಣ ಬ್ಯಾಂಕಿಗೆ ತಲುಪಿಲ್ಲವೆಂದು ತಿಳಿಯುತ್ತದೆ. ಅದು ತಿಂಗಳ ಕೊನೆಯ ದಿನದ ವಸೂಲಿಯಾಗಿದ್ದು ಮರುದಿನ ಜಮೆಯಾಗಿದ್ದರೆ ತೊಂದರೆಯಿಲ್ಲ. ಇಪ್ಪತ್ತು ದಿನ ಹಳೆಯದಾಗಿದ್ದರೆ ವಿವರಣೆ ಪಡೆಯಲೇಬೇಕು. ತಾಳೆಯನ್ನೇ ಮಾಡದ ಪಂಚಾಯಿತಿಯಲ್ಲಿ 4,500 ರೂಪಾಯಿಯೂ ಕಾಣದು, 4,50,000 ರೂಪಾಯಿಯೂ ಕಾಣದು. ತಾಳೆಗೆ ಬಳಸುವ ವಿವರಪಟ್ಟಿ ನೇರವಾಗಿ ಬ್ಯಾಂಕಿನಿಂದಲೇ ಬಂದಿರಬೇಕು. ಸತ್ಯಂ ಪ್ರಕರಣದ ಮುಖ್ಯ ಎಚ್ಚರಿಕೆಯೂ ಇದೇ.

ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

1. ಕಳೆದ ತಿಂಗಳ ಬ್ಯಾಂಕ್ ತಾಳೆ ಪಟ್ಟಿ ಸಿದ್ಧವಾಗಿದೆಯೇ? ಪಂಚಾಯಿತಿಯ ಎಲ್ಲ ಖಾತೆಗಳೂ ಅದರಲ್ಲಿವೆಯೇ?
2. ಎಷ್ಟು ರಶೀದಿ ಪುಸ್ತಕಗಳು ಹೊರಗಿವೆ, ಯಾರ ಬಳಿ ಇವೆ?
3. ಕಂದಾಯದ ಬೇಡಿಕೆ, ವಸೂಲಿ, ಬಾಕಿ ಎಷ್ಟು? ಬಾಕಿಯ ಪಟ್ಟಿ ಮನೆವಾರು ಇದೆಯೇ?
4. ಪಾವತಿಗೆ ಬಂದಿರುವ ಕಾಮಗಾರಿಯ ಅಳತೆಯನ್ನು ಯಾರು, ಯಾವ ದಿನ ತೆಗೆದರು?
5. ಖರೀದಿಸಿದ ಪೈಪು, ಮೋಟಾರು, ಬೀದಿದೀಪಗಳು ದಾಸ್ತಾನು ವಹಿಯಲ್ಲಿ ದಾಖಲಾಗಿವೆಯೇ?
6. ಹಿಂದಿನ ಲೆಕ್ಕಪರಿಶೋಧನಾ ವರದಿಯ ಎಷ್ಟು ಕಂಡಿಕೆಗಳಿಗೆ ಅನುಪಾಲನಾ ವರದಿ ಸಲ್ಲಿಕೆಯಾಗಿದೆ?

ಈ ಪ್ರಶ್ನೆಗಳು ಯಾರ ಮೇಲಿನ ಅನುಮಾನದಿಂದಲೂ ಹುಟ್ಟಿದವಲ್ಲ. ಎರಡನೆಯವರ ಪರಿಶೀಲನೆ ಪ್ರಾಮಾಣಿಕ ಸಿಬ್ಬಂದಿಗೆ ರಕ್ಷಣೆ ನೀಡುತ್ತದೆ. ಮುಂದೊಂದು ದಿನ ಆಕ್ಷೇಪಣೆ ಬಂದಾಗ ಅವರ ಪರವಾಗಿ ಮಾತನಾಡುವುದು ದಾಖಲೆಯೊಂದೇ. ಪ್ರತಿ ಸಭೆಯಲ್ಲಿ ಎಲ್ಲ ಪ್ರಶ್ನೆಗಳನ್ನೂ ಕೇಳಬೇಕೆಂದಿಲ್ಲ. ತಿಂಗಳಿಗೊಂದು ವೋಚರನ್ನು ಸದಸ್ಯರೇ ಆಯ್ದು, ಕ್ರಿಯಾ ಯೋಜನೆಯಿಂದ ಪಾವತಿಯವರೆಗಿನ ಕಾಗದಗಳನ್ನು ಸಭೆಯಲ್ಲಿ ನೋಡಿ, ಕಂಡದ್ದನ್ನು ನಡವಳಿಯಲ್ಲಿ ದಾಖಲಿಸಿದರೆ ವರ್ಷಕ್ಕೆ ಹನ್ನೆರಡು ವ್ಯವಹಾರಗಳ ಪರೀಕ್ಷೆಯಾಗುತ್ತದೆ. ಜಮಾಬಂದಿಯ ದಿನ ಗ್ರಾಮಸ್ಥರು ಲೆಕ್ಕ ಕೇಳಿದಾಗ ಸದಸ್ಯರು ತಾವೇ ನೋಡಿದ ದಾಖಲೆಯ ಆಧಾರದಿಂದ ಉತ್ತರಿಸಬಹುದು.