ಸಹಿ ಹಾಕಿ ಎದ್ದುಹೋಗುವ ಗ್ರಾಮಸಭೆ

ಭಾನುವಾರ ಅಪರಾಹ್ನ ಶಾಲೆಯ ಸಭಾಂಗಣದಲ್ಲಿ ನಮ್ಮ ವಾರ್ಡಿನ ಗ್ರಾಮಸಭೆ. ಬಾಗಿಲ ಬಳಿಯ ಮೇಜಿನ ಮೇಲೆ ಹಾಜರಿ ಪುಸ್ತಕ. ಅದರ ಪಕ್ಕದಲ್ಲಿ ಮಲಯಾಳದಲ್ಲಿ ಅಚ್ಚಾದ ಅರ್ಜಿ ನಮೂನೆಗಳು. ಬಂದವರಲ್ಲಿ ಅನೇಕರು ಸಹಿ ಹಾಕಿ, ನಮೂನೆಯೊಂದನ್ನು ಮಡಚಿ ಕಿಸೆಗಿಳಿಸಿ, ನಿಂತ ಕಾಲಿನಲ್ಲೇ ಹಿಂತಿರುಗಿದರು. ಪುಸ್ತಕದ ಪ್ರಕಾರ ಕೋರಂ ತುಂಬಿತ್ತು. ಬೆಂಚುಗಳು ಅರ್ಧಕ್ಕರ್ಧ ಖಾಲಿ. ಕಾರ್ಯಸೂಚಿಯನ್ನು ಒಬ್ಬರು ಮಲಯಾಳದಲ್ಲಿ ವೇಗವಾಗಿ ಓದುತ್ತ ಹೋದರು. ನನ್ನ ಬದಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು "ಎಂಥ ಹೇಳಿದ್ದು ಮಗಾ?" ಎಂದು ಕೇಳಿದರು. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಸುತ್ತಲೂ ಕೈಗಳು ಮೇಲೆದ್ದಿದ್ದವು, ಅವರೂ ಎತ್ತಿದರು. ಅಂಗೀಕಾರವಾದದ್ದು ರಸ್ತೆಯೊಂದರ ಕಾಂಕ್ರೀಟು. ತಮ್ಮ ಮನೆಯ ಕಡೆಗೆ ಬೇಸಿಗೆಯಲ್ಲಿ ನಳ್ಳಿ ನೀರು ಬರುವುದಿಲ್ಲವೆಂದು ಹೇಳಲು ಅವರು ಬಂದಿದ್ದರು. ಬಾಯಿ ತೆರೆಯುವ ಮೊದಲೇ ಧನ್ಯವಾದ ಸಮರ್ಪಣೆ ಆಗಿಹೋಯಿತು.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಕೇರಳದಲ್ಲಿ ಗ್ರಾಮಸಭೆಗಿರುವ ಅಧಿಕಾರ ಅಲಂಕಾರಕ್ಕಾಗಿ ಕೊಟ್ಟದ್ದಲ್ಲ. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೆ ರೂಪುಗೊಂಡ 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಇಲ್ಲಿ ಪ್ರತಿಯೊಂದು ವಾರ್ಡಿಗೂ ಒಂದು ಗ್ರಾಮಸಭೆ. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಮತದಾರರಲ್ಲಿ ಶೇ. 10 ಮಂದಿ ಹಾಜರಿರಬೇಕು. ಸಭೆ ನಿರ್ಧರಿಸಿದ ಫಲಾನುಭವಿಗಳ ಆದ್ಯತಾಕ್ರಮವನ್ನು ಬದಲಿಸುವ ಹಕ್ಕು ಪಂಚಾಯತಿಗೂ ಇಲ್ಲ. 1996ರ ಆಗಸ್ಟಿನಲ್ಲಿ ಜನಕೀಯ ಯೋಜನೆಯ ಆಂದೋಲನ ಆರಂಭವಾದಾಗ ರಾಜ್ಯದ ಯೋಜನಾ ನಿಧಿಯ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ತೀರ್ಮಾನವಾಯಿತು. ಜನರು ಕೃಷಿ, ಕುಡಿಯುವ ನೀರು, ಶಿಕ್ಷಣ ಎಂದು ಗುಂಪುಗಳಾಗಿ ಕುಳಿತು ಚರ್ಚಿಸಿ, ಮರಳಿ ಒಂದೆಡೆ ಸೇರಿ ತಮ್ಮ ವರದಿ ಒಪ್ಪಿಸುವ ಕ್ರಮವನ್ನು ಆಗ ರೂಢಿಗೆ ತರಲಾಗಿತ್ತು. ಕೈ ಎತ್ತುವ ಸರದಿ ಬರುತ್ತಿದ್ದುದು ಅದೆಲ್ಲ ಮುಗಿದ ಮೇಲೆ.

ಗ್ರಾಮ ಪಂಚಾಯತುಗಳು ನಮ್ಮ ಸಂವಿಧಾನದೊಳಗೆ ಬಂದದ್ದೇ ಇಂತಹ ಚರ್ಚೆಯಿಂದ. ಮೂಲ ಕರಡಿನಲ್ಲಿ ಅವುಗಳ ಮಾತಿರಲಿಲ್ಲ. 1948ರ ನವೆಂಬರಿನಲ್ಲಿ ಕೆ. ಸಂತಾನಂ ಮಂಡಿಸಿದ ತಿದ್ದುಪಡಿಯೇ ಇಂದಿನ 40ನೆಯ ಅನುಚ್ಛೇದ. ಹಳ್ಳಿಗಳ ಬಗ್ಗೆ ತೀವ್ರ ಸಂಶಯವಿದ್ದ ಅಂಬೇಡ್ಕರರು ಅದನ್ನು ಒಪ್ಪಿಕೊಂಡರು.

ಗಡಿನಾಡಿನವರಾದ ನಮಗೆ ಭಾಷೆಯ ತೊಡಕು ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಶಾಲೆ, ಅಧ್ಯಾಪಕರ ನೇಮಕಾತಿ, ನಾಮಫಲಕಗಳಿಗಾಗಿ ನಾವು ಹೋರಾಡುತ್ತ ಬಂದಿದ್ದೇವೆ. ಅವು ನ್ಯಾಯವಾದ ಹೋರಾಟಗಳೇ. ಆದರೆ ನಿರ್ಣಯಗಳು ಹುಟ್ಟುವ ಜಾಗದಲ್ಲಿ ಕನ್ನಡವಿದೆಯೇ ಎಂದು ಅಷ್ಟೇ ಹಠದಿಂದ ಕೇಳಿದವರು ಕಡಿಮೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಅರ್ಥವಾಗದ ನಿರ್ಣಯಕ್ಕೆ ಎತ್ತಿದ ಕೈಯನ್ನು ಸಮ್ಮತಿಯೆಂದು ಹೇಗೆ ಲೆಕ್ಕ ಹಿಡಿಯುವುದು? ಹಾಗೆಂದು ದೋಷವನ್ನೆಲ್ಲ ಭಾಷೆಯ ಮೇಲೆ ಹೊರಿಸುವುದೂ ಸರಿಯಲ್ಲ. ಅಂದು ಸಹಿ ಹಾಕಿ ಹೊರಟವರಲ್ಲಿ ಮಲಯಾಳ ಚೆನ್ನಾಗಿ ಬಲ್ಲ ಕನ್ನಡಿಗರಿದ್ದರು, ಮಲಯಾಳಿಗಳೂ ಇದ್ದರು.

ಕೂಡಿ ಯೋಚಿಸುವ ಅಭ್ಯಾಸ ಈ ನೆಲಕ್ಕೆ ಹೊಸತಲ್ಲ. ಏತಡ್ಕದಂತಹ ಊರುಗಳಲ್ಲಿ ಮಳೆ ನಿಂತ ಮೇಲೆ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕಿ ಅಡಿಕೆ ತೋಟಗಳಿಗೆ ನೀರು ನಿಲ್ಲಿಸುವ ಪದ್ಧತಿಯನ್ನು ಓದುಗರು ಬಲ್ಲರು. ಮಳೆಗಾಲದಲ್ಲಿ ಉಳಿಯದ ಆ ಕಟ್ಟವನ್ನು ವರ್ಷವರ್ಷವೂ ಹೊಸದಾಗಿ ಕಟ್ಟಬೇಕು. ಅಂದರೆ ವರ್ಷವರ್ಷವೂ ಹೊಸದಾಗಿ ಮಾತಾಡಬೇಕು. ಬೇಗ ಕಟ್ಟಿದರೆ ಅಕಾಲದ ಮಳೆ ಒಡೆದುಹಾಕೀತು. ತಡಮಾಡಿದರೆ ತೋಡಿನ ಹರಿವೇ ಸಣ್ಣದಾದೀತು. ಮೇಲಿನವರು ತಡೆದರೆ ಕೆಳಗಿನ ತೋಟಕ್ಕೆಷ್ಟು ನೀರು, ಯಾರು ಎಷ್ಟು ಆಳು ಕೊಡಬೇಕು, ಹಾಕದವರ ಪಾಲೇನು? ಹೆಚ್ಚು ಮಂದಿ ಒಂದಾಗಿ ಕೆಳಗಿನವನ ಬಾಯಿ ಮುಚ್ಚಿಸಿದರೆ ಮರುವರ್ಷ ಅವನ ಆಳು ಬಾರದು. ಆದುದರಿಂದ ಅವನ ಮಾತನ್ನು ಕೇಳಲೇಬೇಕಾಗಿತ್ತು. ಕೊಳವೆಬಾವಿಗಳು ಬಂದ ಮೇಲೆ ಅನೇಕ ಕಡೆ ಕಟ್ಟವೂ ಹೋಯಿತು, ಅದರ ಸುತ್ತಲಿನ ಮಾತುಕತೆಯೂ ಹೋಯಿತು. (ಆ ಮಾತುಕತೆಯನ್ನು ಅತಿಯಾಗಿ ಹೊಗಳಬೇಕಿಲ್ಲ. ತೋಟವಿಲ್ಲದವರಿಗೆ ಅಲ್ಲಿ ಸ್ಥಾನವೆಲ್ಲಿತ್ತು? ಗ್ರಾಮಸಭೆ ಅವರಿಗೂ ಬೆಂಚು ಹಾಕಿದೆ.)

ಕಾರ್ಯಸೂಚಿಯ ಕನ್ನಡ ಪ್ರತಿ ಒಂದು ವಾರ ಮೊದಲೇ ಬೇಕು, ನಿರ್ಣಯಗಳನ್ನು ಅಂಗೀಕಾರಕ್ಕೆ ಮುನ್ನ ಕನ್ನಡದಲ್ಲೂ ಓದಿಹೇಳಬೇಕು, ಮುಂದಿನ ಸಭೆಯಲ್ಲಿ ನೀರಿನ ವಿಷಯ ಮೊದಲು ಬರಬೇಕು ಎಂದು ಕನ್ನಡದಲ್ಲೇ ಒಂದು ಮನವಿ ಬರೆದು ಮನೆಮನೆಗೆ ಒಯ್ದೆ. ಇದರಿಂದ ಸಭೆ ಸುಮ್ಮನೆ ಉದ್ದವಾಗುತ್ತದೆಂದು ನೆರೆಯವರೊಬ್ಬರು ಸಹಿ ಹಾಕಲಿಲ್ಲ. ಉದ್ದವಾಗುವುದು ನಿಜವೇ. ಆ ವೃದ್ಧೆ ಮಾತ್ರ ಮನವಿಯನ್ನು ಎರಡು ಬಾರಿ ಓದಿಸಿ ಕೇಳಿದರು. ನಳ್ಳಿಯಲ್ಲಿ ನೀರಿಲ್ಲವೆಂದಷ್ಟೇ ಬರೆದರೆ ಸಾಲದು, ಯಾವ ತಿಂಗಳಿನಿಂದ ಇಲ್ಲವೆಂದೂ ಬರೆಯಬೇಕು ಎಂದರು. ಬರೆದ ಮೇಲೆ ಸಹಿ ಹಾಕಿದರು.