ಬರ್ನ್: ಇಬ್ಬರಿಗೆ ಒಂದು ದಿನ, ಕಾಲ್ನಡಿಗೆಯಲ್ಲೇ

ಸ್ವಿಟ್ಜರ್ಲೆಂಡಿಗೆ ಹೋದ ಜೋಡಿಗಳು ಬೆಟ್ಟದ ರೈಲು ಹಿಡಿಯುವ ಅವಸರದಲ್ಲಿ ರಾಜಧಾನಿ ಬರ್ನ್ ಅನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು, ಇಬ್ಬರು ಮಾತಾಡುತ್ತಾ ನಡೆಯಲು ಹೇಳಿಮಾಡಿಸಿದ ಊರಿದು. ಆರೆ ನದಿ ಮೂರು ಕಡೆ ಬಳಸಿರುವ ಹಳೇ ಪೇಟೆ 1983ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಮಳೆ ಬಂದರೆ? ಸುಮಾರು 6 ಕಿಲೋಮೀಟರ್ ಕಮಾನು ಜಗಲಿಗಳಿವೆ. ಗಡಿಯಾರ ಗೋಪುರದೆದುರು ಗಂಟೆಗೆ ಐದು ನಿಮಿಷ ಮೊದಲೇ ನಿಲ್ಲಿ: ಹುಂಜ ಕೂಗುತ್ತದೆ, ಪುಟ್ಟ ಕರಡಿಗಳ ಮೆರವಣಿಗೆ ಸುತ್ತುತ್ತದೆ. ಅದೇ ಬೀದಿಯಲ್ಲಿ, ಕ್ರಾಮ್‌ಗಾಸ್ಸೆ 49ರಲ್ಲಿ, ಐನ್‌ಸ್ಟೈನ್ ಮತ್ತು ಪತ್ನಿ ಮಿಲೆವಾ 1903ರಿಂದ 1905ರವರೆಗೆ ಸಂಸಾರ ಹೂಡಿದ್ದ ಬಾಡಿಗೆ ಮನೆ.

ದುಬಾರಿ ಎನ್ನುವವರ ಮಾತು ಸುಳ್ಳಲ್ಲ, ಹೋಟೆಲ್ ಊಟ ಜೇಬು ಸುಡುತ್ತದೆ. ಆದರೆ ಬೀದಿ ಕಾರಂಜಿಗಳ ನೀರು ಕುಡಿಯಬಹುದು. ಗುಲಾಬಿ ತೋಟಕ್ಕೂ ನದಿ ದಂಡೆಯ ಕರಡಿ ಉದ್ಯಾನಕ್ಕೂ ಟಿಕೆಟ್ ಇಲ್ಲ. ಹಿಮದ ಬೆಟ್ಟಗಳೇ ಬೇಕೆಂದರೆ, ಮೋಡವಿಲ್ಲದ ದಿನ ಸಂಸತ್ ಭವನದ ಹಿಂದಿನ ಕಟ್ಟೆಯಿಂದಲೇ ಕಾಣುತ್ತವೆ.