ಸಿಸ್ಟರ್ ‘ಹೋಲ್ಡಾನ್’ ಅಂದರೆ ನಿಲ್ಲಬೇಕು!

2010ರ ಮೇ 22ರ ಬೆಳಗ್ಗೆ ಮಂಗಳೂರಿನ ಬಜಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು. ಬದುಕಿದವರು ಎಂಟೇ ಮಂದಿ. ‘ಗೋ ಅರೌಂಡ್’, ಅಂದರೆ ಇಳಿಸೋದು ಬೇಡ, ಮತ್ತೆ ಮೇಲಕ್ಕೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ತನಿಖಾ ವರದಿಯೇ ಹೇಳಿದ ಮಾತಿದು.

ಆಸ್ಪತ್ರೆ ಸುದ್ದಿಯಲ್ಲಿ ವಿಮಾನದ ಕಥೆ ಯಾಕೆ ಅಂತೀರಾ? ಅಲ್ಲೂ ಇದೇ ರೋಗ ಉಂಟು ಸ್ವಾಮಿ!

2005ರಲ್ಲಿ ಇಂಗ್ಲೆಂಡಿನ ಒಬ್ಬ ತಾಯಿ ಮೂಗಿನ ಸಣ್ಣ ಆಪರೇಷನ್‌ಗೆಂದು ಆಸ್ಪತ್ರೆ ಸೇರಿದರು. ಅರಿವಳಿಕೆ ಕೊಟ್ಟ ಕೂಡಲೇ ಉಸಿರಿನ ದಾರಿ ಕಟ್ಟಿತು. ನುರಿತ ವೈದ್ಯರೇ ಇದ್ದರು. ಗಂಟಲಿಗೆ ಕೊಳವೆ ಇಳಿಸೋಕೆ ಮತ್ತೆ ಮತ್ತೆ ಒದ್ದಾಡಿದರು. ಅಷ್ಟರಲ್ಲಿ ಒಬ್ಬ ನರ್ಸ್ ಕತ್ತಿನಲ್ಲಿ ರಂಧ್ರ ಮಾಡಿ ಉಸಿರು ಕೊಡುವ ಸೆಟ್ ತಂದು ‘ಸಿದ್ಧ ಇದೆ’ ಎಂದರು. ಯಾರೂ ತಿರುಗಿ ನೋಡಲಿಲ್ಲ. ಇನ್ನೊಬ್ಬ ನರ್ಸ್ ಐಸಿಯುನಲ್ಲಿ ಬೆಡ್ ಗೊತ್ತು ಮಾಡಿದರು. ವೈದ್ಯರ ಮುಖ ಕಂಡು, ಅತಿಯಾಯಿತೇನೋ ಎಂದು ಅದನ್ನೂ ರದ್ದು ಮಾಡಿದರು. 13 ದಿನದ ಮೇಲೆ ಆ ತಾಯಿ ತೀರಿಕೊಂಡರು.

ಆಕೆಯ ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ಯಾರಿಗೆ ಶಿಕ್ಷೆ ಕೊಡಿಸೋಣ ಅಂತ ಹೊರಡಲಿಲ್ಲ. ಗೊತ್ತಿದ್ದವರ ಮಾತು ಯಾಕೆ ನಡೆಯಲಿಲ್ಲ ಎಂದು ಕೇಳಿದರು. ವಿಮಾನದವರು ಕಲಿತ ಪಾಠ ಆಸ್ಪತ್ರೆಗೂ ಮುಟ್ಟಲಿ ಎಂದು 2007ರಲ್ಲಿ ಸಂಸ್ಥೆಯನ್ನೇ ಕಟ್ಟಿದರು.

ಏನಪ್ಪಾ ಆ ಪಾಠ? ಎಮರ್ಜೆನ್ಸಿ ವಾರ್ಡಿನ ಸಿಸ್ಟರುಗಳಿಗೆ ಬೇಕಾದ್ದು ಮುಖ್ಯವಾಗಿ ಮೂರು.

ಒಂದು, ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗುವ ಮಾತು. ಮೊದಲು ‘ನನಗೆ ಚಿಂತೆಯಾಗ್ತಿದೆ ಡಾಕ್ಟ್ರೇ’. ಕೇಳದಿದ್ದರೆ ‘ಇದು ನನಗೆ ಸರಿ ಕಾಣ್ತಿಲ್ಲ’. ಆಗಲೂ ಕೇಳದಿದ್ದರೆ ‘ರೋಗಿಗೆ ಅಪಾಯ, ನಿಲ್ಲಿಸಿ’. ಮೊದಲೇ ಅಭ್ಯಾಸ ಮಾಡಿಸಿದ್ದರೆ ಹೊತ್ತಿಗೆ ನಾಲಿಗೆ ಏಳುತ್ತದೆ.

ಎರಡು, ಅಮೆರಿಕದ ಅಣು ಸಬ್‌ಮರೀನುಗಳಿಂದ ಬಂದ ನಾಲ್ಕು ಮಾತಿನ ಕ್ರಮ. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೇನು ಅನ್ನಿಸುತ್ತೆ, ಏನು ಮಾಡಬೇಕು. ‘ಸ್ವಲ್ಪ ಬಂದು ನೋಡ್ತೀರಾ’ ಅಂದರೆ ಸಾಲದು. ‘ಮೂರನೇ ಬೆಡ್ಡಿನವರ ಬಿಪಿ 80ಕ್ಕೆ ಇಳಿದಿದೆ. ಬೆಳಗ್ಗೆ ಬೈಕಿನಿಂದ ಬಿದ್ದವರು. ಹೊಟ್ಟೆಯೊಳಗೆ ರಕ್ತ ಸೋರ್ತಿರಬಹುದು. ಈಗಲೇ ಬನ್ನಿ.’ ಫೋನಿನಲ್ಲಿ ಅರ್ಧ ನಿಮಿಷದ ಕೆಲಸ.

ಮೂರು, ಕೇಳಿದ್ದನ್ನು ತಿರುಗಿ ಹೇಳೋದು. ಇದು ಕಿರಾಣಿ ಅಂಗಡಿಯವರಿಗೆ ಹೊಸತಲ್ಲ. ಗಿರಾಕಿ ಫೋನಿನಲ್ಲಿ ಹೇಳಿದ ಪಟ್ಟಿಯನ್ನು ಅವರು ಓದಿ ಹೇಳಿಯೇ ಸಾಮಾನು ಕಟ್ಟುತ್ತಾರೆ. ಔಷಧದ ಹೆಸರು, ಪ್ರಮಾಣವನ್ನೂ ಹಾಗೇ ತಿರುಗಿ ಹೇಳಿ, ಡಾಕ್ಟರು ‘ಹೌದು’ ಎಂದ ಮೇಲೆ ಸೂಜಿ.

ಇದರಿಂದ ಲಾಭ ಉಂಟೇ? ವಿಮಾನದವರಂತೆ ಪಟ್ಟಿ ಹಿಡಿದು ಬಾಯಿಬಿಟ್ಟು ತಾಳೆ ನೋಡುವ ಪದ್ಧತಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಪರೇಷನ್ ಥಿಯೇಟರುಗಳಲ್ಲಿ ಪರೀಕ್ಷಿಸಿದರು. 2009ರಲ್ಲಿ ಬಂದ ಲೆಕ್ಕದಂತೆ ನೂರಕ್ಕೆ 1.5 ಇದ್ದ ಸಾವು 0.8ಕ್ಕೆ ಇಳಿಯಿತು. ಖರ್ಚೋ, ಒಂದು ಹಾಳೆ ಕಾಗದ!

ಆದರೆ ಹೇಳುವವರು ಕಲಿತರೆ ಸಾಲದು, ಕೇಳುವವರೂ ಕಲಿಯಬೇಕು. ಬಜಪೆಯಲ್ಲಿ ಹೇಳುವವರು ಹೇಳಿಯೇ ಇದ್ದರು.

ದಿನಾ ಬಸ್ಸಿನಲ್ಲಿ ಓಡಾಡುವವರೇ ನೋಡಿ. ಕಂಡಕ್ಟರ್ ‘ಹೋಲ್ಡಾನ್’ ಅಂದರೆ ಡ್ರೈವರ್ ಎಷ್ಟೇ ಸೀನಿಯರ್ ಆಗಿರಲಿ, ಮೊದಲು ಬ್ರೇಕ್ ಹಾಕ್ತಾರೆ. ಯಾಕೆ ಅಂತ ಆಮೇಲೆ ಕೇಳ್ತಾರೆ. ಹಿಂಬಾಗಿಲಲ್ಲಿ ಯಾರ ಕಾಲು ಜಾರಿತೋ ಡ್ರೈವರಿಗೆ ಕಾಣೋದಿಲ್ಲ, ಕಂಡಕ್ಟರಿಗೆ ಕಾಣುತ್ತೆ.

ಎಮರ್ಜೆನ್ಸಿ ವಾರ್ಡಿನಲ್ಲಿ ಆ ಹಿಂಬಾಗಿಲ ಹತ್ತಿರ ನಿಂತಿರೋದು ಸಿಸ್ಟರ್.